ತುಂಬು ಬಸುರಿನಲ್ಲಿ ಗಂಡ ಹೆಂಡತಿ: ಕೇಳದೆ ಉಳಿಯುವ ಪ್ರಶ್ನೆಗಳು

ಪ್ರತಿ ತಿಂಗಳು 9ನೇ ತಾರೀಕು ಹುಣಸೂರಿನ ಸರಕಾರಿ ಆಸ್ಪತ್ರೆಗೆ ಹೋದರೆ ಒಂದು ನೋಟ ಕಾಣಸಿಗುತ್ತದೆ. ಒಳಗೆ ಬೆಂಚುಗಳ ಮೇಲೆ ತುಂಬು ಬಸುರಿಯರು, ಕೈಯಲ್ಲಿ ತಾಯಿ ಕಾರ್ಡ್. ಹೊರಗೆ ಬೈಕು, ಆಟೊಗಳ ಪಕ್ಕ ಗಂಡಂದಿರು, ಕೈಯಲ್ಲಿ ಮೊಬೈಲ್. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಆ ದಿನ ಗರ್ಭಿಣಿಯರಿಗೆ ವೈದ್ಯರಿಂದಲೇ ಉಚಿತ ತಪಾಸಣೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲೂ ಇದೇ ನೋಟ. ನಮ್ಮ ಬ್ಯಾರಿ ಮನೆಗಳ ಹೆಣ್ಣುಮಕ್ಕಳೂ ಆ ಬೆಂಚುಗಳಲ್ಲಿ ಕೂತಿರುತ್ತಾರೆ.

ಬಿ.ಪಿ. ನೋಡಿ, ತೂಕ ಬರೆದು, ಹೊಟ್ಟೆ ಮುಟ್ಟಿ ನೋಡಿದ ಮೇಲೆ ಡಾಕ್ಟರ್ "ಇನ್ನೇನಾದ್ರೂ ಕೇಳೋದಿದೆಯಾಮ್ಮಾ?" ಅನ್ನುತ್ತಾರೆ. ನಮ್ಮವಳು ತಲೆ ಅಲ್ಲಾಡಿಸಿ "ಏನಿಲ್ಲ" ಅನ್ನುತ್ತಾಳೆ. ಕೇಳೋದು ಬೇಕಾದಷ್ಟು ಇರುತ್ತದೆ. ರಾತ್ರಿ ಮಗ್ಗುಲು ಬದಲಿಸಲಾಗದ ನೋವು, ತೊಡೆಸಂದಿನಲ್ಲಿ ಚುಚ್ಚಿದ ಹಾಗೆ ಆಗುವುದು, ಗಂಡ ಹತ್ತಿರ ಬಂದರೆ ಮಗುವಿಗೆ ಪೆಟ್ಟಾಗುತ್ತದೋ ಏನೋ ಎಂಬ ಹೆದರಿಕೆ. ಹೊರಗೆ ನಿಂತವನಿಗೂ ಅದೇ ಹೆದರಿಕೆ. ಇವಳು ಅವನನ್ನು ಕೇಳಿಲ್ಲ, ಅವನು ಇವಳನ್ನು ಕೇಳಿಲ್ಲ, ಇಬ್ಬರೂ ಡಾಕ್ಟರನ್ನು ಕೇಳಿಲ್ಲ.

ಇಂಥದ್ದನ್ನೆಲ್ಲ ಪೇಪರಿನಲ್ಲಿ ಬರೆಯಬೇಕಾ ಎಂದು ಹಿರಿಯರು ಮುಖ ಸಿಂಡರಿಸಬಹುದು. ಬರೆಯಲು ಒಂದು ಕಾರಣವಿದೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ನಮ್ಮ ಬಳಗದ ಸೊಸೆಯೊಬ್ಬಳು. ಎಂಟನೇ ತಿಂಗಳು ನಡೆಯುತ್ತಿತ್ತು. ಒಂದು ರಾತ್ರಿ ಗಂಡ ಹೆಂಡತಿ ಸೇರಿದ ಮೇಲೆ ಸ್ವಲ್ಪ ರಕ್ತ ಕಂಡಿತು. ನೋವೇನೂ ಇರಲಿಲ್ಲ. ಮಾಮಿಗೆ ಹೇಳಿದರೆ "ಯಾವಾಗ, ಹೇಗೆ" ಎಂದು ಕೇಳುತ್ತಾರೆ, ಏನಂತ ಹೇಳುವುದು? ಗಂಡ "ನಾಳೆ ನೋಡೋಣ" ಎಂದ. ಎರಡು ದಿನ ಯಾರಿಗೂ ಕಾಣದ ಹಾಗೆ ಬಟ್ಟೆ ಒಗೆದುಕೊಂಡು ಸುಮ್ಮನಿದ್ದಳು. ಮೂರನೇ ರಾತ್ರಿ ರಕ್ತ ಹರಿಯತೊಡಗಿತು. ಮೈಸೂರಿಗೆ ಓಡಿಸಿಕೊಂಡು ಹೋದಾಗ ಗೊತ್ತಾದದ್ದು, ಮಾಸು ಗರ್ಭಕೋಶದ ಬಾಯಿಯನ್ನೇ ಮುಚ್ಚಿಕೊಂಡು ಕೂತಿದೆ. ವೈದ್ಯರು ಇದನ್ನು ಪ್ಲಸೆಂಟಾ ಪ್ರೀವಿಯಾ ಅನ್ನುತ್ತಾರೆ. ಆಪರೇಷನ್ ಮಾಡಿ ತಾಯಿಯನ್ನೂ ಮಗುವನ್ನೂ ಉಳಿಸಿದರು, ಅಲ್‌ಹಮ್ದುಲಿಲ್ಲಾಹ್. ಮಗು ತಿಂಗಳು ತುಂಬದೆ ಹುಟ್ಟಿದ್ದರಿಂದ ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಾಯಿತು.

ಆಮೇಲೆ ಫೈಲು ತೆಗೆದು ನೋಡಿದರೆ ಐದನೇ ತಿಂಗಳ ಸ್ಕ್ಯಾನ್ ರಿಪೋರ್ಟಿನಲ್ಲೇ ಮಾಸು ಕೆಳಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ಓದಿ ಯಾರೂ ಅವರಿಗೆ ಹೇಳಿರಲಿಲ್ಲ. ಇವರೂ ಕೇಳಿರಲಿಲ್ಲ. ಮಾಸು ಅಲ್ಲಿ ಕೂತದ್ದು ಯಾರ ತಪ್ಪೂ ಅಲ್ಲ. ಎರಡು ದಿನ ಹೋದದ್ದು ಮಾತ್ರ ನಾಚಿಕೆಯಿಂದ.

ಮೈ ಭಾರದ ಲೆಕ್ಕ

28ನೇ ವಾರದಿಂದ ಮುಂದಿನದು ಬಸುರಿನ ಕೊನೆಯ ಘಟ್ಟ. ಈ ದಿನಗಳಲ್ಲಿ ಹೆಣ್ಣಿನ ಮೈಯಲ್ಲಿ ಏನಾಗುತ್ತದೆ ಎಂದು ಗಂಡಸರಿಗೆ ಬಿಡಿ, ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ಗರ್ಭಕೋಶ ಮೇಲಕ್ಕೆ ಬೆಳೆದು ಶ್ವಾಸಕೋಶಕ್ಕೆ ಜಾಗ ಕಡಿಮೆ ಮಾಡುತ್ತದೆ, ಅದಕ್ಕೇ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹೊಟ್ಟೆಯನ್ನು ಒತ್ತುತ್ತದೆ, ಜೊತೆಗೆ ಬಸುರಿನ ಹಾರ್ಮೋನು ಅನ್ನನಾಳದ ತುದಿಯ ಬಿಗಿಯನ್ನು ಸಡಿಲ ಮಾಡುತ್ತದೆ, ಹುಳಿ ಮೇಲೆ ಬಂದು ಎದೆ ಉರಿಯುತ್ತದೆ. ಮೂತ್ರಕೋಶದ ಮೇಲೆ ಮಗುವಿನ ತಲೆ ಕೂತರೆ ರಾತ್ರಿ ನಾಲ್ಕು ಸಲ ಏಳಬೇಕು. ಹೆರಿಗೆಗೆ ದಾರಿ ಮಾಡಲು ಸೊಂಟದ ಕೀಲುಗಳು ಸಡಿಲಗೊಳ್ಳುತ್ತವೆ. ಕೆಲವರಿಗೆ ಕಿಬ್ಬೊಟ್ಟೆಯ ಕೆಳಗಿನ ಮೂಳೆ ಸೇರುವ ಜಾಗದಲ್ಲಿ ಎಷ್ಟು ನೋವು ಅಂದರೆ ಒಂದು ಕಾಲೆತ್ತಿ ಸಲ್ವಾರ್ ಹಾಕಿಕೊಳ್ಳಲೂ ಆಗುವುದಿಲ್ಲ. "ನಾವೆಲ್ಲ ಹೆತ್ತಿಲ್ವಾ" ಎಂಬ ಮಾತು ಬರುವುದು ಈ ಹೊತ್ತಿನಲ್ಲೇ. ಹೆತ್ತಿದ್ದೀರಿ ಉಮ್ಮಾ, ನಿಮಗೂ ನೋವಾಗಿತ್ತು, ಯಾರೂ ಕೇಳಲಿಲ್ಲ, ಅಷ್ಟೇ.

ಇದಕ್ಕೆಲ್ಲ ದೊಡ್ಡ ಔಷಧ ಬೇಕಿಲ್ಲ. ಎದೆಯುರಿಗೆ, ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಯಲಿ, ಸ್ವಲ್ಪ ಸ್ವಲ್ಪವಾಗಿ ಉಣ್ಣಲಿ, ತಲೆ ಕಡೆ ಎರಡು ದಿಂಬು ಇರಲಿ. ನಮ್ಮ ಮನೆಗಳಲ್ಲಿ ನೆಂಟರು ಬಂದರೆ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಬಡಿಸಿ, "ನೀನೂ ಕೂತ್ಕೋ, ಇಬ್ಬರಿಗೆ ತಿನ್ಬೇಕು" ಎಂದು ತಟ್ಟೆ ತುಂಬುತ್ತೇವೆ. ಪ್ರೀತಿಯೇ, ಆದರೆ ಆ ರಾತ್ರಿಯ ನಿದ್ದೆ ಹೋಯಿತು. ನಡುರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ನೀಡಿ, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ಇಷ್ಟು ದೊಡ್ಡ ಹೊಟ್ಟೆಯಲ್ಲಿ ಅವಳ ಕೈ ಅವಳ ಪಾದಕ್ಕೆ ಎಟುಕುವುದಿಲ್ಲ, ಪಕ್ಕದಲ್ಲಿ ಮಲಗಿದವನೇ ಎಳೆಯಬೇಕು. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಬರಬಹುದು, ಮಲ ಕಪ್ಪಾಗಬಹುದು. ಹಾಗೆಂದು ಮಾತ್ರೆ ಬಿಡಬಾರದು. ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಲಿ.

ಮಲಗುವ ವಿಷಯ ಒತ್ತಿ ಹೇಳಬೇಕು. ಬೆನ್ನ ಮೇಲೆ ಮಲಗಿದರೆ ಗರ್ಭಕೋಶದ ಭಾರ, ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳದ ಮೇಲೆ ಬೀಳುತ್ತದೆ. ತಲೆ ಸುತ್ತುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. 28 ವಾರ ಆದ ಮೇಲೆ ನಿದ್ದೆಗೆ ಹೋಗುವಾಗ ಮಗ್ಗುಲಾಗಿಯೇ ಮಲಗಬೇಕು. ಎಡ, ಬಲ ಯಾವುದೂ ಆದೀತು, ಎಡಕ್ಕೆ ಅಭ್ಯಾಸವಾದರೆ ಒಳ್ಳೆಯದು. ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಚಿದ ಒಂದು ಹೊದಿಕೆ. ಎಚ್ಚರವಾದಾಗ ಬೆನ್ನ ಮೇಲೆ ಇದ್ದರೆ ಗಾಬರಿ ಬೇಡ, ಹೊರಳಿಕೊಂಡರಾಯಿತು. ನಮಾಝಿನಲ್ಲಿ ಸುಜೂದ್‌ಗೆ ಬಗ್ಗಿದರೆ ತಲೆ ಸುತ್ತುವವರು, ಎದ್ದು ನಿಲ್ಲಲಾಗದವರು ಕುರ್ಚಿಯ ಮೇಲೆ ಕೂತು ಮಾಡಬಹುದು. ಕಷ್ಟವಿದ್ದವರಿಗೆ ದೀನ್ ಕೊಟ್ಟ ಅನುಕೂಲ ಅದು. ಕುರ್ಚಿ ಎಳೆದುಕೊಳ್ಳಲು ಸೊಸೆ ಸಂಕೋಚಪಡುತ್ತಾಳೆ, ಮಾಮಿಯೇ ತಂದಿಟ್ಟರೆ ಎಷ್ಟು ಚೆಂದ.

ನಮ್ಮ ನಾಲ್ಕು ತಾಲೂಕಿಗೇ ಸೇರಿದ ಮಾತೊಂದಿದೆ. ಹೊಗೆಸೊಪ್ಪು ಕೊಯ್ದು ಬ್ಯಾರನ್ ಹೊತ್ತಿಸುವ ತಿಂಗಳುಗಳಲ್ಲಿ ಎಲೆ ಪೋಣಿಸುವ ಕೆಲಸಕ್ಕೆ ಹೆಂಗಸರೇ ಬೇಕು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ. ಬಸುರಿ ಆ ಎಲೆಯನ್ನು ಮುಟ್ಟದಿರುವುದೇ ಸರಿ. ದಿನವಿಡೀ ಬ್ಯಾರನ್ ಹತ್ತಿರ ಇದ್ದು ಬಂದ ಗಂಡ, ಕೈಕಾಲು ತೊಳೆದು ಬಟ್ಟೆ ಬದಲಿಸಿ ಪಕ್ಕಕ್ಕೆ ಬರಲಿ. ಆ ವಾಸನೆಗೇ ಹೊಟ್ಟೆ ತೊಳೆಸುವುದುಂಟು. ಅದನ್ನು ಬಾಯಿಬಿಟ್ಟು ಹೇಳಲಾರದೆ ಅವಳು ಗೋಡೆಯ ಕಡೆ ತಿರುಗುತ್ತಾಳೆ, ಇವನು "ನನ್ನನ್ನು ಕಂಡರೆ ಆಗೋದಿಲ್ಲ" ಅಂದುಕೊಳ್ಳುತ್ತಾನೆ.

ಸೇರಬಹುದೇ, ಬೇಡವೇ

ಇನ್ನು ಆ ಪ್ರಶ್ನೆ. ಬಸುರು ಸಹಜವಾಗಿ ಸಾಗುತ್ತಿದ್ದರೆ, ಡಾಕ್ಟರ್ ಬೇಡ ಎಂದಿಲ್ಲದಿದ್ದರೆ, ಇಬ್ಬರಿಗೂ ಮನಸ್ಸಿದ್ದರೆ, ಕೊನೆಯ ತಿಂಗಳುಗಳಲ್ಲೂ ಗಂಡ ಹೆಂಡತಿ ಸೇರಬಹುದು. ಮಗುವಿಗೆ ಪೆಟ್ಟಾಗುವುದಿಲ್ಲ. ಅದು ಗರ್ಭಕೋಶದ ದಪ್ಪ ಸ್ನಾಯುವಿನ ಒಳಗೆ, ನೀರಿನ ಚೀಲದೊಳಗೆ ತೇಲುತ್ತಿರುತ್ತದೆ. ಗರ್ಭಕೋಶದ ಬಾಯಿಯನ್ನು ಗಟ್ಟಿ ಲೋಳೆಯೊಂದು ಮುಚ್ಚಿರುತ್ತದೆ. ಸೇರಿದ ಮೇಲೆ ಹೊಟ್ಟೆ ಸ್ವಲ್ಪ ಹೊತ್ತು ಬಿಗಿಯಾಗಿ ಕಲ್ಲಿನ ಹಾಗಾಗುವುದುಂಟು. ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಸಡಿಲವಾಗುತ್ತದೆ. ಆರೋಗ್ಯವಾಗಿರುವ ಬಸುರಿನಲ್ಲಿ ಇದರಿಂದ ಹೆರಿಗೆ ಮುಂಚೆ ಆಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. "ಒಂಬತ್ತರಲ್ಲಿ ಸೇರಿದರೆ ಹೆರಿಗೆ ಸುಲಭ" ಎಂದು ಪಿಸುಗುಡುವ ಮಾತಿಗೂ ಗಟ್ಟಿ ಆಧಾರ ಸಿಕ್ಕಿಲ್ಲ. ಆ ಮಾತು ಹಿಡಿದು ಅವಳಿಗೆ ಬೇಡವಾದಾಗ ಒತ್ತಾಯಿಸುವುದು ತಪ್ಪು.

ಶರೀಅತ್ತಿನ ಮಾತು ಕೇಳುವವರಿಗೆ: ಮುಟ್ಟಿನ ದಿನಗಳು ಮತ್ತು ಹೆರಿಗೆಯ ನಂತರದ ರಕ್ತಸ್ರಾವದ ದಿನಗಳಲ್ಲಿ ಸೇರುವುದು ನಿಷಿದ್ಧ. ಬಸುರಿನಲ್ಲಿ ಆ ನಿಷೇಧವಿಲ್ಲ. ತಾಯಿಗೋ ಮಗುವಿಗೋ ಅಪಾಯವಿದೆ ಎಂದು ವೈದ್ಯರು ಹೇಳಿದರೆ ದೂರ ಇರಬೇಕು. ತಾಯಿ ಮಗುವನ್ನು ಹೊರುವುದು ದಣಿವಿನ ಮೇಲೆ ದಣಿವು ಎಂಬ ಅರ್ಥದ ಮಾತು ಕುರ್‌ಆನಿನ ಲುಕ್ಮಾನ್ ಅಧ್ಯಾಯದಲ್ಲೇ ಇದೆ. ಮಸೀದಿಯ ಪ್ರವಚನದಲ್ಲಿ ಇದನ್ನು ನಾವು ಕೇಳುವುದು ಮಕ್ಕಳು ತಾಯಿಯನ್ನು ಗೌರವಿಸಬೇಕು ಎಂದು ಹೇಳುವಾಗ. ಆ ದಣಿವನ್ನು ಕಣ್ಣೆದುರೇ ನೋಡುತ್ತಿರುವ ಗಂಡನಿಗೂ ಅದು ಸೇರಿದ್ದೇ ಅಲ್ಲವೇ?

ಬೇಡವೇ ಬೇಡ ಎನ್ನುವ ಸಂದರ್ಭಗಳೂ ಇವೆ. ಮಾಸು ಕೆಳಗೆ ಕೂತಿದ್ದರೆ, ರಕ್ತ ಕಂಡಿದ್ದರೆ, ನೀರು ಹೋಗುತ್ತಿದ್ದರೆ, ತಿಂಗಳು ತುಂಬುವ ಮೊದಲೇ ಹೆರಿಗೆನೋವಿನ ಲಕ್ಷಣ ಇದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ ಸೇರಬಾರದು. ಅವಳಿ ಮಕ್ಕಳಿದ್ದರೆ, ಹಿಂದೆ ತಿಂಗಳು ತುಂಬದ ಹೆರಿಗೆ ಆಗಿದ್ದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಇಬ್ಬರಲ್ಲಿ ಯಾರಿಗಾದರೂ ತುರಿಕೆ, ಹುಣ್ಣು, ವಾಸನೆಯ ಸ್ರಾವ ಇದ್ದರೆ ಇಬ್ಬರೂ ಔಷಧ ತೆಗೆದುಕೊಂಡು ವಾಸಿಯಾಗುವ ತನಕ ತಡೆಯಬೇಕು. ಹೆಂಡತಿಗೆ ಮಾತ್ರ ಮಾತ್ರೆ ಕೊಡಿಸಿ ತಾನು ಸುಮ್ಮನಿರುವ ಗಂಡಸರಿದ್ದಾರೆ, ಅದರಿಂದ ಪ್ರಯೋಜನವಿಲ್ಲ.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಎಂದ ಮಾತ್ರಕ್ಕೆ ಕಂಗಾಲಾಗಬೇಕಿಲ್ಲ. ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಿಗೆ ಅದು ಮೇಲಕ್ಕೆ ಸರಿಯುತ್ತದೆ. 32ನೇ ವಾರದ ಹೊತ್ತಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ನೋಡುತ್ತಾರೆ. ಆದರೆ ಕೇಳಿ ತಿಳಿದುಕೊಳ್ಳಬೇಕು. "ಡಾಕ್ಟ್ರೇ, ಮಾಸು ಎಲ್ಲಿದೆ?" ಇಷ್ಟೇ ಪ್ರಶ್ನೆ. ಇದನ್ನು ಕೇಳಲು ಯಾವ ನಾಚಿಕೆಯೂ ಇಲ್ಲ, ಉತ್ತರದಲ್ಲಿ ಅರ್ಧ ವಿಷಯ ಗೊತ್ತಾಗುತ್ತದೆ.

ಸೇರುವಾಗ ಅವಳನ್ನು ಬೆನ್ನ ಮೇಲೆ ಮಲಗಿಸಬಾರದು, ಹೊಟ್ಟೆಯ ಮೇಲೆ ಭಾರ ಬೀಳಬಾರದು. ಇಬ್ಬರೂ ಒಂದೇ ಕಡೆಗೆ ಮಗ್ಗುಲಾಗಿ, ಗಂಡ ಅವಳ ಬೆನ್ನ ಹಿಂದೆ ಮಲಗಿದರೆ ಕೊನೆಯ ತಿಂಗಳುಗಳಲ್ಲಿ ಹಗುರ. ನಿಧಾನವಿರಲಿ, ನೋವಾಯಿತು ಎಂದ ಕೂಡಲೇ ನಿಲ್ಲಿಸಬೇಕು. ಈ ದಿನಗಳಲ್ಲಿ ಎದೆಯಿಂದ ಹಳದಿ ಹಾಲು ಜಿನುಗುವುದುಂಟು, ಬಿಳಿ ಸ್ರಾವ ಹೆಚ್ಚಾಗುವುದುಂಟು. ಎರಡೂ ಸಹಜ. ಕೆಲವರಿಗೆ ಆಸೆಯೇ ಬತ್ತಿಹೋಗುತ್ತದೆ, ಕೆಲವರಿಗೆ ಹೆಚ್ಚಾಗುತ್ತದೆ. ಹೆಚ್ಚಾಗಿದೆ ಎಂದು ಹೇಳಿಕೊಳ್ಳಲು ನಮ್ಮಲ್ಲಿ ಯಾವ ಹೆಣ್ಣಿಗೂ ಬಾಯಿ ಬರುವುದಿಲ್ಲ. ಅದೂ ತಪ್ಪೇನಲ್ಲ.

ಹಿಂದೆ ಸರಿಯುವವನು ಗಂಡನೇ ಆಗಿರುವುದೂ ಉಂಟು. ಎಂಟನೇ ತಿಂಗಳಾದ ಮೇಲೆ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾನೆ. ಅವನ ಲೆಕ್ಕದಲ್ಲಿ ಅದು ಕಾಳಜಿ. ಒಳಗೆ ಒಬ್ಬಳೇ ಮಲಗಿದವಳು, ಊದಿದ ಪಾದ, ಕಪ್ಪಾದ ಕುತ್ತಿಗೆ ನೋಡಿಕೊಂಡು, ನಾನು ಚೆಂದ ಕಾಣುತ್ತಿಲ್ಲ ಎಂದು ಅಳುತ್ತಿರುತ್ತಾಳೆ. "ನನಗೆ ಭಯ ಆಗ್ತದೆ, ಅದಕ್ಕೆ ದೂರ ಮಲಗ್ತೇನೆ" ಎಂಬ ಒಂದು ಮಾತು ಸಾಕಿತ್ತು. ಸೇರದಿದ್ದರೂ ಸೊಂಟ ಒತ್ತಬಹುದು, ಪಾದಕ್ಕೆ ತೆಂಗಿನೆಣ್ಣೆ ಹಚ್ಚಬಹುದು, ತಲೆ ಬಾಚಬಹುದು, ಮಗು ಒದೆಯುವಾಗ ಕೈ ಇಟ್ಟು ನೋಡಬಹುದು. ಗಲ್ಫಿನಲ್ಲಿರುವವರಿಗೆ ಇದೂ ಇಲ್ಲ. ವೀಡಿಯೊ ಕಾಲಿನಲ್ಲಿ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಆದ ಮೇಲೆ ಸುತ್ತ ಮನೆಮಂದಿ ಇರುವಾಗ ಇನ್ನೇನು ಮಾತಾಡುವುದು? ಅವಳಿಗೆ ದಿನಕ್ಕೆ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಮಾತಾಡಲು ಬಿಡಿ.

ಬಚ್ಚಲುಮನೆಯ ಹಂಡೆ

ಮನೆಮಂದಿ ಎಂದೆವು. ನಮ್ಮ ಬಹಳಷ್ಟು ಮನೆಗಳಲ್ಲಿ ಬಚ್ಚಲು ಒಂದೇ. ಗಂಡ ಹೆಂಡತಿ ಸೇರಿದ ಮೇಲೆ ಸುಬಹಿಗೆ ಮುಂಚೆ ಗುಸ್ಲ್ ಆಗಬೇಕು. ನಾಲ್ಕೂವರೆಗೆ ಹಂಡೆಗೆ ಬೆಂಕಿ ಹಾಕಿದರೆ, ತಲೆ ಒದ್ದೆ ಮಾಡಿಕೊಂಡು ಅಡುಗೆಮನೆಗೆ ಬಂದರೆ, ಎಲ್ಲರಿಗೂ ಗೊತ್ತಾಯಿತು. ಹೊಸ ಮದುಮಗಳಾಗಿದ್ದಾಗ ನಾದಿನಿಯರ ನಗು. ಎಂಟು ತಿಂಗಳ ಹೊಟ್ಟೆ ಇರುವಾಗ ಆ ನಗು ಇರುವುದಿಲ್ಲ, "ಇಂಥ ಹೊತ್ತಲ್ಲೂನಾ" ಎಂಬ ನೋಟ. ಆ ನೋಟಕ್ಕೆ ಹೆದರಿಯೇ ಎಷ್ಟೋ ಹೆಣ್ಣುಮಕ್ಕಳು ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಿಗೆ ಶಾಲು ಬಿಗಿದುಕೊಂಡು ನಿಲ್ಲುತ್ತಾರೆ. ಡಿಸೆಂಬರಿನ ಹುಣಸೂರು, ಕೋಟೆಯ ಚಳಿ ಕರಾವಳಿಯಿಂದ ಮದುವೆಯಾಗಿ ಬಂದವಳಿಗೆ ಮೊದಲೇ ಹೊಸದು. ಒಂದು ಗೀಸರ್ ಹಾಕಿಸಿ, ಮನೆಯಲ್ಲಿ ಯಾರೂ ಯಾರ ಸ್ನಾನದ ಹೊತ್ತನ್ನೂ ಗಮನಿಸದಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತದೆ. ಬಚ್ಚಲಿನ ನೆಲ ಜಾರದ ಹಾಗೆ ನೋಡಿಕೊಳ್ಳುವುದು ಗೀಸರಿಗಿಂತ ಮೊದಲು ಆಗಬೇಕಾದ ಕೆಲಸ.

ಇನ್ನು ತವರಿನ ಪ್ರಯಾಣ. ಚೊಚ್ಚಲ ಹೆರಿಗೆಗೆ ಹುಡುಗಿಯನ್ನು ಉಮ್ಮನ ಮನೆಗೆ ಕರೆದುಕೊಂಡು ಹೋಗುವುದು ನಮ್ಮ ವಾಡಿಕೆ. ಈ ತಾಲೂಕುಗಳಿಗೆ ಬಂದ ಸೊಸೆಯರಲ್ಲಿ ಎಷ್ಟೋ ಜನರ ತವರು ಘಟ್ಟದ ಕೆಳಗೆ, ಪುತ್ತೂರು, ಸುಳ್ಯ, ಬಂಟ್ವಾಳದ ಕಡೆ. ಹುಣಸೂರು, ಪಿರಿಯಾಪಟ್ಟಣದಿಂದ ಕುಶಾಲನಗರ, ಮಡಿಕೇರಿ, ಸಂಪಾಜೆ ಇಳಿದು ಹೋಗುವ ದಾರಿಯ ತಿರುವುಗಳು ಎಂಥವೆಂದು ಓದುಗರಿಗೆ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ದಾರಿ ಮುಚ್ಚಿದ್ದೂ ನೆನಪಿದೆ. ಹೋಗುವುದಾದರೆ ಒಂಬತ್ತು ತುಂಬುವ ತನಕ ಕಾಯಬೇಡಿ. ಡಾಕ್ಟರನ್ನು ಕೇಳಿ ಮುಂಚೆಯೇ ಹೊರಡಿ, ಮಳೆಗಾಲವಾದರೆ ಇನ್ನೂ ಮುಂಚೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಡೆದಾಡಲಿ. ಸೀಟ್ ಬೆಲ್ಟ್ ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರುವ ಹಾಗೆ ಹಾಕಲಿ. ತಾಯಿ ಕಾರ್ಡ್ ಮತ್ತು ಎಲ್ಲ ಸ್ಕ್ಯಾನ್ ರಿಪೋರ್ಟು ಬ್ಯಾಗಿನ ಮೇಲಿನ ಖಾನೆಯಲ್ಲೇ ಇರಲಿ.

ಮಾಸು ಕೆಳಗಿರುವವರು, ಬಿ.ಪಿ. ಹೆಚ್ಚಿರುವವರು ಘಟ್ಟ ಇಳಿಯುವ ಆಸೆ ಬಿಡುವುದೇ ಮೇಲು. ಮೈಸೂರಿನ ಚೆಲುವಾಂಬ ಆಸ್ಪತ್ರೆ ಹುಣಸೂರಿಗೆ ಸುಮಾರು 45 ಕಿ.ಮೀ. ಕೋಟೆ ಕಡೆಯವರಿಗೆ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇದೆ. ಮಗಳು ಬರಲಾಗದಿದ್ದರೆ ಉಮ್ಮನೇ ಘಟ್ಟ ಹತ್ತಿ ಬರಲಿ.

ಹುಡುಗಿ ತವರು ಸೇರಿದ ಮೇಲೆ ಗಂಡ ಅಲ್ಲಿಗೆ ಪುದಿಯಾಪ್ಲೆ. ಅವನು ಬಂದರೆ ಹಾಲಿನಲ್ಲಿ ಕೂರಿಸಿ, ಪತ್ತಿರ್, ಕೋಳಿ ಸಾರು ಬಡಿಸಿ, ಮಾವ, ಬಾವಂದಿರು ಸುತ್ತ ಕೂತು ವ್ಯಾಪಾರದ ಮಾತಾಡುತ್ತಾರೆ. ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲ ಸಂದಿಯಿಂದ ಒಂದು ಸಲ ನೋಡಿದ್ದಷ್ಟೇ. ತಿಂಗಳಿಗೊಮ್ಮೆ 200 ಕಿ.ಮೀ. ಬಂದವನಿಗೆ ಹೆಂಡತಿಯ ಪಕ್ಕ ಒಂದು ಗಂಟೆ ಕೂರಲು ಬಿಡದ ಮರ್ಯಾದೆ ಯಾವ ಮರ್ಯಾದೆ ಎಂದು ನಮಗಂತೂ ಅರ್ಥವಾಗಿಲ್ಲ.

ತಡ ಮಾಡಬಾರದ ಹೊತ್ತು

ಒಂದೊಂದು ಹನಿಯಾದರೂ ಕೆಂಪು ರಕ್ತ ಕಂಡರೆ, ನೋವಿದ್ದರೂ ಇಲ್ಲದಿದ್ದರೂ, ಬೆಳಗಾಗಲಿ ಎಂದು ಕಾಯಬಾರದು. ನೀರು ಜಿನುಗಿದರೆ, ಮುಖ ಮತ್ತು ಕೈ ಊದಿ ತಲೆನೋವು ಬಂದು ಕಣ್ಣು ಮಂಜಾದರೆ, ಮಗುವಿನ ಓಡಾಟ ಕಡಿಮೆಯಾದರೆ, ವಿಶ್ರಾಂತಿ ತೆಗೆದುಕೊಂಡರೂ ಹೊಟ್ಟೆ ಬಿಗಿಯುವುದು ನಿಲ್ಲದೆ ಲೆಕ್ಕಕ್ಕೆ ಸಿಗುವ ಹಾಗೆ ಬರುತ್ತಿದ್ದರೆ, ಅಂಗೈ ಅಂಗಾಲು ತಡೆಯಲಾರದಷ್ಟು ತುರಿಸಿದರೆ ಆಸ್ಪತ್ರೆಗೇ ಹೋಗಬೇಕು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಸಂಶಯ ಕೇಳಲು 104 ಇದೆ, ಊರಿನ ಆಶಾ ಕಾರ್ಯಕರ್ತೆ ಇದ್ದಾಳೆ.

ಆಸ್ಪತ್ರೆಯಲ್ಲಿ "ಗಂಡನ ಜೊತೆ ಸೇರಿದ ಮೇಲೆ ರಕ್ತ ಬಂತು" ಎಂದು ಹೇಳಿಬಿಡಿ. ಡಾಕ್ಟರಿಗೆ ಅದು ನಿತ್ಯ ಕೇಳುವ ಮಾತು. ಹೇಳಲು ನಾಲಿಗೆ ಬರದಿದ್ದರೆ ಮನೆಯಲ್ಲೇ ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟುಕೊಂಡು ಹೋಗಿ ಕೊಡಿ. ಮಾಮಿ ಜೊತೆಯಲ್ಲಿ ಬಂದಿದ್ದರೆ ಒಂದೆರಡು ನಿಮಿಷ ಹೊರಗೆ ಕೂರಲಿ.

ಹೆರಿಗೆಯ ನಂತರದ್ದೂ ಒಂದು ಮಾತು. ಶಾಫಿ ಮದ್‌ಹಬಿನಲ್ಲಿ ನಿಫಾಸಿನ ಗರಿಷ್ಠ ಅವಧಿ 60 ದಿನ, ಸಾಮಾನ್ಯವಾಗಿ 40. ಹನಫಿಯಲ್ಲಿ ಗರಿಷ್ಠ 40. ಇಲ್ಲಿ ನಮ್ಮ ನೆರೆಮನೆಯವರು ಹನಫಿಗಳಾಗಿರುವುದರಿಂದ ಹೆಂಗಸರ ನಡುವೆ ಈ ಲೆಕ್ಕ ಆಗಾಗ ಗೊಂದಲವಾಗುತ್ತದೆ, ಗೊತ್ತಿದ್ದವರನ್ನು ಕೇಳಿಕೊಳ್ಳಿ. ದಿನ ಮುಗಿದ ಮಾತ್ರಕ್ಕೆ ಹೊಲಿಗೆ ಮಾಗಿದೆ ಎಂದಲ್ಲ, ಆರು ವಾರಕ್ಕೆ ಒಮ್ಮೆ ಡಾಕ್ಟರಿಗೆ ತೋರಿಸಬೇಕು. ಮುಟ್ಟು ಶುರುವಾಗುವ ಮೊದಲೇ ಮತ್ತೆ ಬಸಿರಾಗಬಹುದು, ಅಂತರ ಬೇಕೆನ್ನುವವರು ಅದನ್ನೂ ಆಗಲೇ ಕೇಳಬೇಕು.

ಮುಂದಿನ 9ನೇ ತಾರೀಕಿಗೆ ಹೋಗುವ ಗಂಡಂದಿರು ಬೈಕಿಗೆ ಸ್ಟ್ಯಾಂಡ್ ಹಾಕಿ ಒಳಗೂ ಬನ್ನಿ. 9 ಭಾನುವಾರವೋ ರಜೆಯೋ ಆದರೆ ತಪಾಸಣೆ ಮರುದಿನದ ಕೆಲಸದ ದಿನ ಇರುತ್ತದೆ.